ರಣಹದ್ದು ಮತ್ತು ಗ್ರಾಮದ ಆರೋಗ್ಯ

ಗ್ರಾಮದಲ್ಲಿ ಎತ್ತಾಗಲಿ, ಹಸುವಾಗಲಿ, ಎಮ್ಮೆಯಾಗಲಿ ಸತ್ತರೆ ಅದರ ಕಳೇಬರವನ್ನು ಸಾಗಿಸುವ ಹೊಣೆಯು ಕೊನೆಗೆ ಊರಿನ ಮುಖ್ಯಸ್ಥರ ಮೇಲೆಯೇ ಬೀಳುವುದು ವಾಡಿಕೆಯಾಗಿದೆ. ಹಿಂದಿನ ಕಾಲದಲ್ಲಿ ಈ ಹೊಣೆಯು ಅಷ್ಟೇನೂ ಭಾರವಾದುದಾಗಿರಲಿಲ್ಲ. ಸತ್ತ ದನವನ್ನು ಊರಾಚೆಯ ಬಯಲಿಗೆ ಎಳೆಸಿ ಚರ್ಮವನ್ನು ತೆಗೆಸಿಬಿಟ್ಟರೆ ಉಳಿದ ಕೆಲಸವನ್ನು ರಣಹದ್ದುಗಳು ಮಾಡಿ ಮುಗಿಸುತ್ತಿದ್ದುವು. ಬೆಳಗ್ಗೆ ಹಾಕಿದ ಕಳೇಬರದಲ್ಲಿ ಸಾಯಂಕಾಲಕ್ಕೆ ಎಲುಬಿನ ಹೊರತು ಬೇರೇನೂ ಉಳಿಯುತ್ತಿರಲಿಲ್ಲ. ಇದಕ್ಕಾಗಿ ಗ್ರಾಮದವರು ಕೂಲಿಯನ್ನು ಕೊಡಬೇಕಾಗಿರಲಿಲ್ಲ, ಗುಂಡಿಯನ್ನು ತೋಡಬೇಕಾಗಿರಲಿಲ್ಲ, ದುರ್ವಾಸನೆಯನ್ನು ಸಹಿಸಬೇಕಾಗಿಯೂ ಇರಲಿಲ್ಲ.

ಈಗ ನಾಡಿನ ಬಹುಭಾಗದಲ್ಲಿ ಈ ಪಕ್ಷಿಯು ಕಾಣುವುದೇ ಇಲ್ಲ. 1980ರ ದಶಕದ ತನಕ ಭರತಖಂಡದಲ್ಲಿ ಕೋಟಿಗಟ್ಟಲೆ ಇದ್ದ ರಣಹದ್ದುಗಳು ಇಪ್ಪತ್ತು ವರ್ಷಗಳೊಳಗಾಗಿ ನಾಶದ ಅಂಚನ್ನು ಮುಟ್ಟಿದುವು. ಇದು ಬೇಟೆಗಾರರಿಂದಾದ ನಾಶವಲ್ಲ, ಕ್ಷಾಮದಿಂದಾದುದೂ ಅಲ್ಲ. ದನಗಳ ನೋವನ್ನು ಶಮನಮಾಡುವುದಕ್ಕಾಗಿ ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಿದ್ದ ಒಂದು ಔಷಧಿಯಿಂದ ಆದುದು. ಆದುದರಿಂದ ದನಕರುಗಳನ್ನು ಸಾಕುವ ಪ್ರತಿಯೊಬ್ಬರೂ ಈ ಪಕ್ಷಿಯ ಶರೀರಧರ್ಮವನ್ನೂ ಅದು ನಶಿಸಿದ ಬಗೆಯನ್ನೂ ತಿಳಿದಿರುವುದು ಅವಶ್ಯಕವಾಗಿದೆ.

ರಣಹದ್ದುಗಳ ಜಾತಿಗಳು.— ಊರಿನ ಮೇಲೆ ಸುತ್ತಾಡಿ ಕೋಳಿಮರಿಯನ್ನು ಎತ್ತಿಕೊಂಡು ಹೋಗುವ ಸಾಧಾರಣ ಹದ್ದು ಬೇರೆ, ರಣಹದ್ದು ಬೇರೆ. ರಣಹದ್ದು ಜೀವವಿರುವ ಪ್ರಾಣಿಯನ್ನು ಹಿಡಿದು ತಿನ್ನುವುದು ತೀರ ವಿರಳ. ಸತ್ತುಬಿದ್ದ ಪ್ರಾಣಿಯ ಮಾಂಸವೇ ಅದರ ಆಹಾರ. ಕರ್ನಾಟಕದಲ್ಲಿ ಮುಖ್ಯವಾಗಿ ನಾಲ್ಕು ಜಾತಿಗಳು ಕಂಡುಬರುತ್ತವೆ. ಎತ್ತರವಾದ ಮರಗಳಲ್ಲಿ ಗೂಡುಕಟ್ಟುವ ಬಿಳಿಬೆನ್ನಿನ ರಣಹದ್ದು, ಬಂಡೆಗಳ ಕಡಿದಾದ ಮೈಯಲ್ಲಿ ಗೂಡುಮಾಡುವ ಉದ್ದಕೊಕ್ಕಿನ ರಣಹದ್ದು, ಕೆಂಪುತಲೆಯ ರಣಹದ್ದು ಮತ್ತು ಗಾತ್ರದಲ್ಲಿ ಚಿಕ್ಕದಾದ ಬಿಳಿ ರಣಹದ್ದು ಎಂಬುವೇ ಅವು. ಇವುಗಳಲ್ಲಿ ಬಿಳಿಬೆನ್ನಿನದು ಒಂದು ಕಾಲದಲ್ಲಿ ಪ್ರಪಂಚದ ದೊಡ್ಡ ಮಾಂಸಾಹಾರಿ ಪಕ್ಷಿಗಳ ಪೈಕಿ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿದ್ದುದೆಂದು ಪಕ್ಷಿಶಾಸ್ತ್ರಜ್ಞರು ಎಣಿಸಿದ್ದರು.

ರೆಕ್ಕೆ ಮತ್ತು ಕಣ್ಣು.— ರಣಹದ್ದಿನ ರೆಕ್ಕೆಗಳನ್ನು ಬಿಡಿಸಿ ಅಳೆದರೆ ತುದಿಯಿಂದ ತುದಿಗೆ ಆರು ಏಳು ಅಡಿಗಳಷ್ಟಾಗುತ್ತದೆ. ಇಷ್ಟು ದೊಡ್ಡ ರೆಕ್ಕೆಗಳನ್ನು ದಿನವೆಲ್ಲ ಬಡಿಯುತ್ತಿದ್ದರೆ ತಿಂದ ಆಹಾರವು ಹಾರುವುದಕ್ಕೇ ಸಾಲದೆ ಹೋಗುವುದು. ಆದಕಾರಣ ಈ ಪಕ್ಷಿಯು ಬಿಸಿಲೇರುವ ತನಕ ಮರದ ಮೇಲೋ ಬಂಡೆಯ ಮೇಲೋ ಕುಳಿತಿದ್ದು, ನೆಲವು ಕಾದು ಬಿಸಿಗಾಳಿಯು ಮೇಲಕ್ಕೇಳಲು ಆರಂಭವಾದಾಗ ಅದರೊಳಗೆ ರೆಕ್ಕೆಯನ್ನು ಚಾಚಿ, ಸುತ್ತುತ್ತ ಸುತ್ತುತ್ತ ಮೇಲೇರುವುದು. ಹೀಗೆ ಒಂದು ಗಾಳಿಯ ಕಂಬದಿಂದ ಮತ್ತೊಂದಕ್ಕೆ ಜಾರುತ್ತ, ರೆಕ್ಕೆಯನ್ನು ಬಡಿಯದೆಯೇ ಒಂದು ದಿನದಲ್ಲಿ ಹತ್ತಾರು ಮೈಲಿಗಳಷ್ಟು ಪ್ರದೇಶವನ್ನು ಹುಡುಕಿಬಿಡುವುದು.

ಈ ಕುಲದ ಪಕ್ಷಿಗಳು ಎಷ್ಟು ಎತ್ತರಕ್ಕೆ ಏರಬಲ್ಲುವೆಂಬುದು ಒಂದು ಅವಘಡದಿಂದ ತಿಳಿದುಬಂದಿತು. 1973ನೆಯ ಇಸವಿ ನವೆಂಬರ್ 29ರಂದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ದೇಶದ ಅಬಿಜಾನ್ ನಗರದ ಮೇಲೆ, 37,000 ಅಡಿಗಳ ಎತ್ತರದಲ್ಲಿ ಹೋಗುತ್ತಿದ್ದ ವಿಮಾನವೊಂದಕ್ಕೆ ಒಂದು ಪಕ್ಷಿಯು ಬಡಿದು, ಅದರ ಎಂಜಿನ್ ಒಂದು ಕೆಟ್ಟಿತು. ವಿಮಾನವು ಕ್ಷೇಮವಾಗಿ ಇಳಿಯಿತು. ಎಂಜಿನ್ನಿನಲ್ಲಿ ಸಿಕ್ಕಿದ ಗರಿಗಳನ್ನು ತಜ್ಞರು ಪರೀಕ್ಷಿಸಿ, ಅವು ಆಫ್ರಿಕದ ರೂಪೆಲ್ ರಣಹದ್ದಿನವೆಂದು ನಿರ್ಧರಿಸಿದರು. ಈ ಹದ್ದು ಬಿಳಿಬೆನ್ನಿನ ರಣಹದ್ದಿನ ಹತ್ತಿರದ ಬಂಧುವಾಗಿದೆ. ಗೌರೀಶಂಕರದಂಥ ಶಿಖರಗಳಿಗೂ ಎವರೆಸ್ಟಿಗೂ ಮೇಲೆ, ಮನುಷ್ಯನು ಉಸಿರಾಡಲಾರದ ಆ ಎತ್ತರದಲ್ಲಿ ಪಕ್ಷಿಯೊಂದು ರೆಕ್ಕೆ ಚಾಚಿಕೊಂಡು ತೇಲುತ್ತಿದ್ದಿತೆಂಬುದು ಆಶ್ಚರ್ಯಕರವಾದ ಸಂಗತಿ.

ಅಷ್ಟು ಮೇಲಿನಿಂದ ಕಳೇಬರವನ್ನು ಕಂಡುಹಿಡಿಯುವುದು ಕಣ್ಣಿನ ಕೆಲಸ. ಈ ದೇಶದ ರಣಹದ್ದುಗಳು ವಾಸನೆಯನ್ನು ನಂಬಿ ಬರುವುವಲ್ಲ. ಪ್ರತಿಯೊಂದು ಹದ್ದೂ ನೆಲವನ್ನು ನೋಡುವುದರ ಜೊತೆಗೆ ಆಕಾಶದಲ್ಲಿರುವ ನೆರೆಯ ಹದ್ದುಗಳನ್ನೂ ನೋಡುತ್ತಿರುವುದು. ಒಂದು ಹದ್ದು ಕೆಳಗಿಳಿದರೆ ಅದರ ನೆರೆಯದು ಆ ಕಡೆಗೆ ತಿರುಗುವುದು. ಅದನ್ನು ನೋಡಿ ಅದರಾಚೆಯದು ಬರುವುದು. ಈ ರೀತಿಯಲ್ಲಿ ಖಾಲಿಯಾಗಿದ್ದಂತೆ ತೋರುತ್ತಿದ್ದ ಆಕಾಶದಿಂದ ಸ್ವಲ್ಪ ಹೊತ್ತಿನೊಳಗೆ ಹತ್ತಾರು, ಕೆಲವು ವೇಳೆ ನೂರಾರು ಹದ್ದುಗಳು ಬಂದಿಳಿಯುತ್ತಿದ್ದುವು. ದೊಡ್ಡ ಗುಂಪು ಸೇರಿದರೆ ಒಂದು ಹಸುವಿನ ಮಾಂಸವೆಲ್ಲ ಒಂದು ಗಂಟೆಯೊಳಗಾಗಿ ತೀರಿಹೋಗುತ್ತಿದ್ದಿತು.

ತಲೆ, ನಾಲಗೆ ಮತ್ತು ಜಠರ.— ರಣಹದ್ದಿನ ಬೋಳು ತಲೆಯನ್ನೂ ಕತ್ತನ್ನೂ ನೋಡಿ ಜನರು ಅಸಹ್ಯಪಡುವುದುಂಟು. ಆದರೆ ಕಳೇಬರದ ಒಡಲೊಳಗೆ ತಲೆಯನ್ನು ತೂರಿಸಬೇಕಾದ ಪಕ್ಷಿಗೆ ಅಲ್ಲಿ ದಟ್ಟವಾದ ಗರಿಗಳಿದ್ದರೆ ರಕ್ತವೂ ಮಾಂಸವೂ ಮೆತ್ತಿಕೊಂಡು ಕೊಳೆಯುತ್ತಿದ್ದುವು. ಬರಿಯ ಚರ್ಮವಾದರೆ ಬಿಸಿಲಿನಲ್ಲಿ ಒಣಗಿ ಶುಚಿಯಾಗುವುದು. ಇಷ್ಟೇ ಅಲ್ಲದೆ, ಸೆಖೆಯಲ್ಲಿ ಕತ್ತನ್ನು ಚಾಚಿ ಶರೀರದ ಬಿಸಿಯನ್ನು ಹೊರಹಾಕುವುದಕ್ಕೂ, ಎತ್ತರದ ಚಳಿಯಲ್ಲಿ ಕತ್ತನ್ನು ಗರಿಗಳೊಳಗೆ ಎಳೆದುಕೊಂಡು ಬಿಸಿಯನ್ನು ಉಳಿಸಿಕೊಳ್ಳುವುದಕ್ಕೂ ಇದು ಅನುಕೂಲವಾಗಿದೆ. ನಾಲಗೆಯ ಮೇಲೆ ಹಿಂದಕ್ಕೆ ಬಾಗಿದ ಮುಳ್ಳುಗಳಿರುವುದರಿಂದ ಜಾರುವ ಮಾಂಸವು ಬಾಯಿಂದ ತಪ್ಪಿಹೋಗಲಾರದು. ಕಾಲುಗಳಿಗೆ ಮಾತ್ರ ಡೇಗೆಯ ಕಾಲುಗಳ ಹಿಡಿತವಿಲ್ಲ. ಬೇಟೆಯಾಡದ ಪಕ್ಷಿಗೆ ಅದರ ಅವಶ್ಯಕತೆಯೂ ಇಲ್ಲ.

ಆಹಾರವು ಯಾವಾಗ ಸಿಕ್ಕೀತೆಂಬ ನಂಬಿಕೆಯಿಲ್ಲದುದರಿಂದ, ಸಿಕ್ಕಿದಾಗ ಗಂಟಲಿನ ಚೀಲದಲ್ಲಿ ಸುಮಾರು ಒಂದು ಕಿಲೋಗ್ರಾಂ ಮಾಂಸವನ್ನು ತುಂಬಿಕೊಂಡು, ಹಲವು ದಿನ ಉಪವಾಸವಿರಲು ಇದು ಶಕ್ತವಾಗಿದೆ. ಹೊಟ್ಟೆ ತುಂಬಿ ನೆಲದ ಮೇಲಿರುವಾಗ ಅಪಾಯವು ಬಂದರೆ, ತಿಂದುದನ್ನು ಅಲ್ಲಿಯೇ ಕಕ್ಕಿ, ಭಾರವನ್ನು ಕಡಮೆಮಾಡಿಕೊಂಡು ಹಾರಿಹೋಗುವುದು. ನಾಯಿಯೋ ನರಿಯೋ ಮೇಲೆ ಬೀಳುವ ಆ ಕ್ಷಣದಲ್ಲಿ ಊಟವನ್ನು ಬಿಟ್ಟು ಪ್ರಾಣವನ್ನು ಉಳಿಸಿಕೊಳ್ಳುವ ಉಪಾಯವಿದು.

ಎಲ್ಲಕ್ಕಿಂತ ವಿಶೇಷವಾದುದು ಇದರ ಜಠರ. ಅದರಲ್ಲಿರುವ ಆಮ್ಲವು ಬಹು ತೀಕ್ಷ್ಣವಾದುದು. ಬೇರೆ ಪ್ರಾಣಿಗಳಿಗೆ ರೋಗವನ್ನೂ ಮರಣವನ್ನೂ ತರುವ ಅನೇಕ ರೋಗಾಣುಗಳು ಅದರಲ್ಲಿ ಬಿದ್ದು ನಾಶವಾಗುತ್ತವೆ. ಕೊಳೆತ ಮಾಂಸವನ್ನು ತಿಂದರೂ ಹದ್ದು ಆರೋಗ್ಯವಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಇದರಿಂದ ಗ್ರಾಮಕ್ಕಾಗುತ್ತಿದ್ದ ಪ್ರಯೋಜನವು ಎರಡು ಬಗೆಯದು. ಕಳೇಬರವು ಕೊಳೆತು ಕೆರೆ ಬಾವಿಗಳನ್ನು ಸೇರುವ ಮೊದಲೇ ಅದು ಇಲ್ಲವಾಗುತ್ತಿದ್ದಿತು. ನಾಯಿಗಳಿಗೂ ಇಲಿಗಳಿಗೂ ತಿನ್ನಲು ಏನೂ ಉಳಿಯುತ್ತಿರಲಿಲ್ಲ.

ಸಂತಾನ.— ಇಷ್ಟು ಗಟ್ಟಿಯಾದ ಪಕ್ಷಿಗೆ ಒಂದು ದುರ್ಬಲತೆಯುಂಟು. ಅದರ ಸಂತಾನವು ಅತಿ ನಿಧಾನವಾಗಿ ಬೆಳೆಯುವುದು. ಗಂಡುಹೆಣ್ಣುಗಳು ಕೂಡಿ ವರ್ಷಕ್ಕೆ ಒಂದೇ ಮೊಟ್ಟೆಗೆ ಕಾವುಕೊಡುತ್ತವೆ. ಮರಿಯು ಬೆಳೆದು ತಾನೇ ಗೂಡುಕಟ್ಟಲು ಸುಮಾರು ಐದು ವರ್ಷಗಳು ಬೇಕು. ದೀರ್ಘಾಯುಷ್ಯವುಳ್ಳ ಪಕ್ಷಿಯಾದುದರಿಂದ ಹಿಂದೆ ಇದು ಸಾಕಾಗಿದ್ದಿತು. ಆದರೆ ದೊಡ್ಡ ಹದ್ದುಗಳೇ ಸಾಯತೊಡಗಿದರೆ ಆ ನಷ್ಟವನ್ನು ತುಂಬಲು ಹತ್ತಾರು ವರ್ಷಗಳಾದರೂ ಸಾಲದು.

ನಾಶದ ಆರಂಭ.— ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ಪಕ್ಷಿಶಾಸ್ತ್ರಜ್ಞರಾದ ವಿಭು ಪ್ರಕಾಶರು 1980ರ ದಶಕದಲ್ಲಿ ರಣಹದ್ದುಗಳ ಗೂಡುಗಳನ್ನು ಎಣಿಸಿದ್ದರು. 1990ರ ದಶಕದಲ್ಲಿ ಮರಳಿ ಎಣಿಸಿದಾಗ ಗೂಡುಗಳು ಬರಿದಾಗುತ್ತಿದ್ದುವು. ಮರಗಳ ಕೆಳಗೆ ಸತ್ತ ಹದ್ದುಗಳು ಬಿದ್ದಿದ್ದುವು. ಬದುಕಿದ್ದ ಕೆಲವು ಕತ್ತನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡು ಕೊಂಬೆಗಳ ಮೇಲೆ ಜಡವಾಗಿ ಕುಳಿತಿದ್ದುವು. ಮುಂದೆ ದೇಶದ ನಾನಾ ಭಾಗಗಳಲ್ಲಿ ನಡೆದ ಎಣಿಕೆಯಿಂದ, 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ 99.9ರಷ್ಟು ಕಡಮೆಯಾದುವೆಂದು ತಿಳಿದುಬಂದಿತು. ಎಂದರೆ ಸಾವಿರ ಹದ್ದುಗಳಿದ್ದಲ್ಲಿ ಒಂದು ಉಳಿಯಿತು. ಉದ್ದಕೊಕ್ಕಿನ ಜಾತಿಗಳು ಅದೇ ಅವಧಿಯಲ್ಲಿ ನೂರಕ್ಕೆ 97ರಷ್ಟು ಕಡಮೆಯಾದುವು.

ಮೊದಮೊದಲು ಇದನ್ನು ಯಾವುದೋ ಸಾಂಕ್ರಾಮಿಕ ರೋಗವೆಂದು ಭಾವಿಸಲಾಗಿದ್ದಿತು. ಸತ್ತ ಹದ್ದುಗಳನ್ನು ಕೊಯ್ದು ನೋಡಿದಾಗ ಅವುಗಳ ಹೃದಯ, ಪಿತ್ತಕೋಶ, ಮೂತ್ರಪಿಂಡಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪುಡಿಯು ಕೂತಿರುವುದು ಕಂಡಿತು. ಆದರೆ ರೋಗಾಣು ಯಾವುದೂ ಸಿಕ್ಕಲಿಲ್ಲ. ಪಾಕಿಸ್ತಾನದ ಪಂಜಾಬಿನಲ್ಲಿ ಲಿಂಡ್ಸೆ ಓಕ್ಸ್ ಎಂಬ ಪಶುರೋಗತಜ್ಞರೂ ಅವರ ಸಂಗಡಿಗರೂ ನಡೆಸಿದ ಶೋಧನೆಯು 2004ರಲ್ಲಿ ಪ್ರಕಟವಾದಾಗ ನಿಜವಾದ ಕಾರಣವು ಬಯಲಾಯಿತು. ಅದು ಡೈಕ್ಲೋಫಿನಾಕ್ ಎಂಬ ನೋವುನಿವಾರಕ ಔಷಧಿ.

ಔಷಧಿಯು ವಿಷವಾದ ಬಗೆ.— ಡೈಕ್ಲೋಫಿನಾಕ್ ಮನುಷ್ಯರ ನೋವು, ಬಾವುಗಳಿಗೆ ಕೊಡುವ ಔಷಧಿ. 1990ರ ದಶಕದಲ್ಲಿ ಇದು ಸುಲಭವಾದ ಬೆಲೆಗೆ ದೊರೆಯತೊಡಗಿ, ದನಗಳ ಕುಂಟು, ಕೆಚ್ಚಲುಬಾವು, ಜ್ವರಗಳಿಗೆ ಎಲ್ಲೆಡೆಯಲ್ಲಿಯೂ ಉಪಯೋಗಕ್ಕೆ ಬಂದಿತು. ದನಗಳಿಗೆ ಇದರಿಂದ ಉಪಶಮನವಾಗುತ್ತಿದ್ದುದು ನಿಜ. ಆದರೆ ಔಷಧಿಯನ್ನು ಕೊಟ್ಟ ಕೆಲವು ದಿನಗಳೊಳಗೆ ಆ ದನವು ಸತ್ತರೆ ಅದರ ಮಾಂಸದಲ್ಲಿ, ವಿಶೇಷವಾಗಿ ಪಿತ್ತಕೋಶ ಮತ್ತು ಮೂತ್ರಪಿಂಡಗಳಲ್ಲಿ, ಔಷಧಿಯ ಅಂಶವು ಉಳಿದಿರುವುದು.

ಪ್ರಾಣಿಗಳ ಶರೀರದ ಕಲ್ಮಷವು ಮೂತ್ರದೊಡನೆ ಹೊರಬೀಳುವುದೆಂಬುದು ಎಲ್ಲರೂ ಬಲ್ಲ ವಿಷಯ. ಪಕ್ಷಿಗಳಲ್ಲಿ ಈ ಕಲ್ಮಷವು ಯೂರಿಕ್ ಆಮ್ಲವೆಂಬ ಬಿಳಿಯ ಪದಾರ್ಥದ ರೂಪದಲ್ಲಿ ಹೊರಬರುವುದು. ಹಿಕ್ಕೆಯಲ್ಲಿ ಕಾಣುವ ಬಿಳಿಯ ಭಾಗವು ಇದೇ. ಡೈಕ್ಲೋಫಿನಾಕ್ ಸೇರಿದ ಮಾಂಸವನ್ನು ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಟ್ಟು ನಿಲ್ಲುತ್ತವೆ. ಹೊರಗೆ ಹೋಗಬೇಕಾದ ಯೂರಿಕ್ ಆಮ್ಲವು ರಕ್ತದಲ್ಲಿ ಹೆಚ್ಚಿ, ಒಳಗಿನ ಅಂಗಗಳ ಮೇಲೆ ಹರಳುಗಟ್ಟುವುದು. ಕೆಲವೇ ದಿನಗಳಲ್ಲಿ ಹದ್ದು ಸಾಯುವುದು. ರೋಗಾಣುಗಳನ್ನು ಕೊಲ್ಲಬಲ್ಲ ಜಠರಕ್ಕೆ ಈ ಔಷಧಿಯನ್ನು ತಡೆಯುವ ಶಕ್ತಿಯಿಲ್ಲ.

ಎಲ್ಲ ದನಗಳಿಗೂ ಈ ಔಷಧಿಯನ್ನು ಕೊಟ್ಟಿರಲಿಲ್ಲವಲ್ಲ, ಅಷ್ಟು ಹದ್ದುಗಳು ಹೇಗೆ ಸತ್ತುವೆಂದು ಶಂಕೆಯುಂಟಾಗಬಹುದು. ಒಂದು ಲೆಕ್ಕದಿಂದ ಇದು ತಿಳಿಯುವುದು. ಹದ್ದು ಮೂರು ದಿನಕ್ಕೊಮ್ಮೆ ತಿನ್ನುವುದೆಂದು ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 120 ಊಟಗಳಾಗುತ್ತವೆ. ನೂರು ಕಳೇಬರಗಳಲ್ಲಿ ಒಂದರಲ್ಲಿ ಮಾತ್ರ ವಿಷವಿದ್ದರೂ ಸರಾಸರಿಯಲ್ಲಿ ಪ್ರತಿಯೊಂದು ಹದ್ದಿಗೂ ವರ್ಷದೊಳಗೆ ಒಂದು ವಿಷದೂಟವು ಒದಗಿಬರುವುದು. ಹದ್ದುಗಳು ಗುಂಪುಗೂಡಿ ತಿನ್ನುವುದರಿಂದ ಒಂದೇ ಎತ್ತಿನ ಕಳೇಬರವು ಹತ್ತಾರು ಹದ್ದುಗಳನ್ನು ಒಟ್ಟಿಗೆ ಕೊಲ್ಲಬಲ್ಲುದು. ಶತಮಾನಗಳಿಂದ ಅವುಗಳನ್ನು ಬದುಕಿಸಿದ, ಒಂದನ್ನು ನೋಡಿ ಮತ್ತೊಂದು ಇಳಿಯುವ ಆ ಅಭ್ಯಾಸವೇ ಇಲ್ಲಿ ಅವುಗಳಿಗೆ ಮುಳುವಾಯಿತು. 2004–05ರಲ್ಲಿ ಭರತಖಂಡದ ನಾನಾ ಕಡೆ ದನಗಳ ಕಳೇಬರಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಒಂದರಲ್ಲಲ್ಲ, ಸುಮಾರು ಹತ್ತರಲ್ಲಿ ಈ ಔಷಧಿಯ ಅಂಶವು ಸಿಕ್ಕಿತು.

ಗ್ರಾಮಗಳಿಗಾದ ನಷ್ಟ.— ಹದ್ದುಗಳು ಹೋದ ಮೇಲೆ ಕಳೇಬರಗಳು ನಾಯಿಗಳ ಪಾಲಾದುವು. ಆಹಾರವು ಹೆಚ್ಚಿದಂತೆ ಬೀದಿನಾಯಿಗಳ ಸಂಖ್ಯೆಯೂ ಹೆಚ್ಚಿತು. ಅದರೊಡನೆ ನಾಯಿಕಡಿತವೂ ಹುಚ್ಚುನಾಯಿ ರೋಗದ ಭಯವೂ ಹೆಚ್ಚಿದುವು. ನಾಯಿಯು ಕಳೇಬರವನ್ನು ಹದ್ದಿನಂತೆ ಶುದ್ಧಮಾಡುವುದಿಲ್ಲ. ಅರ್ಧ ತಿಂದು ಅರ್ಧವನ್ನು ಎಳೆದಾಡಿ ಬಿಡುವುದು. ಉಳಿದುದು ಕೊಳೆತು ಮಳೆನೀರಿನೊಡನೆ ಹಳ್ಳಕೊಳ್ಳಗಳನ್ನು ಸೇರುವುದು. ಶುದ್ಧವಾದ ಎಲುಬುಗಳನ್ನು ಆಯ್ದು ಮಾರಿ ಜೀವಿಸುತ್ತಿದ್ದ ಬಡವರ ಕಸುಬು ಕೆಟ್ಟಿತು. ಮೃತರ ದೇಹಗಳನ್ನು ಹದ್ದುಗಳಿಗೆ ಒಪ್ಪಿಸುವ ಪದ್ಧತಿಯುಳ್ಳ ಮುಂಬಯಿಯ ಪಾರಸಿಗಳು ಬೇರೆ ಏರ್ಪಾಡುಗಳನ್ನು ಹುಡುಕಬೇಕಾಯಿತು.

ಈ ನಷ್ಟವನ್ನು ಎಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ಅಂಕಿಗಳಿಂದ ಅಳೆದಿದ್ದಾರೆ. ಹಿಂದೆ ಹದ್ದುಗಳು ಹೆಚ್ಚಾಗಿದ್ದ ಜಿಲ್ಲೆಗಳಲ್ಲಿನ ಮರಣಗಳನ್ನು ಹದ್ದುಗಳು ವಿರಳವಾಗಿದ್ದ ಜಿಲ್ಲೆಗಳ ಮರಣಗಳೊಡನೆ ಹೋಲಿಸಿ, 2000ದಿಂದ 2005ರವರೆಗಿನ ಅವಧಿಯಲ್ಲಿ ಹದ್ದುಗಳ ಅಭಾವದಿಂದ ಸುಮಾರು ಐದು ಲಕ್ಷ ಮಂದಿ ಹೆಚ್ಚಾಗಿ ಸತ್ತರೆಂದು ಅವರು 2024ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅಂದಾಜುಮಾಡಿದ್ದಾರೆ. ಅಪಶಕುನವೆಂದು ಜನರು ಓಡಿಸುತ್ತಿದ್ದ ಪಕ್ಷಿಯು ಎಷ್ಟು ಮನೆಗಳನ್ನು ಕಾಯುತ್ತಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಉಳಿಸುವ ಪ್ರಯತ್ನಗಳು.— ಭಾರತ ಸರ್ಕಾರದವರು 2006ರಲ್ಲಿ ದನಗಳಿಗೆ ಡೈಕ್ಲೋಫಿನಾಕ್ ಕೊಡುವುದನ್ನು ನಿಷೇಧಿಸಿದರು. ನೇಪಾಳವೂ ಪಾಕಿಸ್ತಾನವೂ ಅದೇ ವರ್ಷ ಹಾಗೆಯೇ ಮಾಡಿದುವು. ಮನುಷ್ಯರಿಗಾಗಿ ತಯಾರಾದ ದೊಡ್ಡ ಸೀಸೆಗಳನ್ನು ಕೊಂಡು ದನಗಳಿಗೆ ಚುಚ್ಚುತ್ತಿದ್ದುದು ಕಂಡುಬಂದುದರಿಂದ, 2015ರಲ್ಲಿ ಆ ಸೀಸೆಯ ಪ್ರಮಾಣವನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫಿನಾಕ್ ಎಂಬ ಇನ್ನೆರಡು ಔಷಧಿಗಳೂ ದನಗಳಿಗೆ ನಿಷಿದ್ಧವಾದುವು. ಇವುಗಳಲ್ಲಿ ಎರಡನೆಯದು ದನದ ಶರೀರದಲ್ಲಿ ಡೈಕ್ಲೋಫಿನಾಕ್ ಆಗಿಯೇ ಮಾರ್ಪಡುವುದು.

ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಸಾಕಿ ಸಂತಾನವೃದ್ಧಿಮಾಡುವ ಕೇಂದ್ರವು ನಡೆಯುತ್ತಿದ್ದು, ಅಲ್ಲಿಂದ 2020ರಲ್ಲಿ ಎಂಟು ಬಿಳಿಬೆನ್ನಿನ ರಣಹದ್ದುಗಳನ್ನು ಹೊರಗೆ ಬಿಡಲಾಯಿತು. ನೇಪಾಳದ ನವಲಪರಾಸಿ ಜಿಲ್ಲೆಯ ಗ್ರಾಮಸ್ಥರು 2006ರಿಂದ ಮುದಿ ದನಗಳನ್ನು ಸಾಕಿ, ಅವು ತಾವಾಗಿ ಸತ್ತ ಮೇಲೆ ವಿಷವಿಲ್ಲದ ಆ ಕಳೇಬರಗಳನ್ನು ಹದ್ದುಗಳಿಗೆ ಹಾಕುವ ಏರ್ಪಾಡನ್ನು ತಾವೇ ನಡೆಸಿದರು. ಆ ದೇಶದಲ್ಲಿ ಹದ್ದುಗಳ ಇಳಿತವು ನಿಂತು, ಸಂಖ್ಯೆಯು ಮರಳಿ ಏರುವ ಚಿಹ್ನೆಗಳು ಕಂಡಿವೆ.

ಕರ್ನಾಟಕದಲ್ಲಿ ರಾಮನಗರದ ಹತ್ತಿರ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಅಲ್ಪ ಸಂಖ್ಯೆಯಲ್ಲಿ ಉಳಿದುಕೊಂಡುದರಿಂದ, 2012ರಲ್ಲಿ ಆ ಪ್ರದೇಶವನ್ನು ರಣಹದ್ದುಗಳ ಧಾಮವೆಂದು ಸರ್ಕಾರವು ಘೋಷಿಸಿತು. ಬಂಡೀಪುರ, ನಾಗರಹೊಳೆಗಳ ಕಾಡುಗಳಲ್ಲಿಯೂ ಅವುಗಳಿಗೆ ಹೊಂದಿಕೊಂಡ ಮುದುಮಲೆ, ವಯನಾಡುಗಳಲ್ಲಿಯೂ ಹದ್ದುಗಳು ಬದುಕಿವೆ. ಆ ಕಾಡುಗಳಲ್ಲಿ ಸಾಯುವ ಜಿಂಕೆ ಕಾಟಿಗಳಿಗೆ ಯಾರೂ ಔಷಧಿಯನ್ನು ಕೊಟ್ಟಿರುವುದಿಲ್ಲವಷ್ಟೆ. ಆದರೆ ಹದ್ದಿಗೆ ಕಾಡಿನ ಎಲ್ಲೆಯು ತಿಳಿಯದು. ಕಾಡಂಚಿನ ಗ್ರಾಮದಲ್ಲಿ ಸತ್ತ ಒಂದು ದನವು ಶುದ್ಧವಾಗಿದ್ದಿತೇ ಇಲ್ಲವೇ ಎಂಬುದರ ಮೇಲೆ, ಅಳಿದುಳಿದ ಆ ಗುಂಪುಗಳ ಅಳಿವು ಉಳಿವು ನಿಂತಿದೆ.

ಗ್ರಾಮಸ್ಥರು ಅನುಸರಿಸತಕ್ಕ ಕ್ರಮಗಳು.— ಊರಿನ ಮುಖ್ಯಸ್ಥರೂ ಜಮೀನುದಾರರೂ ಈ ಕೆಳಗಿನ ವಿಷಯಗಳನ್ನು ತಾವು ಪಾಲಿಸುವುದಲ್ಲದೆ ಇತರರಿಗೂ ತಿಳಿಯಹೇಳುವುದು ಉಚಿತ.

1. ದನಗಳಿಗೆ ನೋವಿನ ಔಷಧಿಯು ಬೇಕಾದಾಗ ಪಶುವೈದ್ಯರನ್ನೇ ಕೇಳತಕ್ಕದ್ದು. ಮೆಲಾಕ್ಸಿಕಾಮ್ ಎಂಬ ಔಷಧಿಯು ದನಗಳ ನೋವನ್ನು ಕಡಮೆಮಾಡುವುದಲ್ಲದೆ ರಣಹದ್ದುಗಳಿಗೆ ನಿರಪಾಯಕರವಾದುದೆಂದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಟಾಲ್ಫೆನಾಮಿಕ್ ಆಮ್ಲವೂ ಹಾಗೆಯೇ.

2. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಕೀಟೊಪ್ರೊಫೆನ್ ಇವುಗಳನ್ನು ದನಗಳಿಗೆ ಕೊಡಕೂಡದು. ನಿಮೆಸುಲೈಡ್ ಸಹ ಹದ್ದುಗಳಿಗೆ ವಿಷವೆಂದು ಕಂಡುಬಂದಿದೆ. ಮನುಷ್ಯರ ಔಷಧಿಯ ಅಂಗಡಿಯಿಂದ ತಂದು ತಾವೇ ಚುಚ್ಚುವ ಅಭ್ಯಾಸವನ್ನು ಬಿಡತಕ್ಕದ್ದು.

3. ಈ ಔಷಧಿಗಳನ್ನು ಕೊಟ್ಟಿದ್ದ ದನವು ಕೆಲವು ದಿನಗಳೊಳಗೆ ಸತ್ತರೆ, ಅಥವಾ ಯಾವ ಔಷಧಿಯನ್ನು ಕೊಟ್ಟಿದ್ದರೆಂಬುದು ತಿಳಿಯದಿದ್ದರೆ, ಅದನ್ನು ಬಯಲಿನಲ್ಲಿ ಹಾಕದೆ ಆಳವಾದ ಗುಂಡಿಯಲ್ಲಿ ಹೂಳಿಸತಕ್ಕದ್ದು. ಗುಂಡಿಯು ಕೆರೆ ಬಾವಿಗಳಿಂದ ದೂರವಿರಬೇಕು.

4. ದನವು ಹಠಾತ್ತಾಗಿ ಸತ್ತು ಮೂಗು, ಬಾಯಿ, ಗುದದ್ವಾರಗಳಿಂದ ಕಪ್ಪುರಕ್ತವು ಸೋರುತ್ತಿದ್ದರೆ ನೆರಡಿ ರೋಗವೆಂದು ಶಂಕಿಸಬೇಕು. ಅಂಥ ಕಳೇಬರವನ್ನು ಕೊಯ್ಯಲೂ ಕೂಡದು, ಚರ್ಮವನ್ನು ಸುಲಿಯಲೂ ಕೂಡದು, ಬಯಲಿನಲ್ಲಿ ಬಿಡಲೂ ಕೂಡದು. ಒಡನೆಯೇ ಪಶುವೈದ್ಯರಿಗೆ ತಿಳಿಸಿ ಅವರು ಹೇಳಿದಂತೆ ನಡೆಯತಕ್ಕದ್ದು.

5. ಚಿರತೆಯನ್ನೋ ನಾಯಿಗಳನ್ನೋ ಕೊಲ್ಲುವ ಉದ್ದೇಶದಿಂದ ಸತ್ತ ದನಕ್ಕೆ ಕೀಟನಾಶಕವನ್ನು ಬೆರೆಸುವುದು ಕಾನೂನಿಗೆ ವಿರುದ್ಧ. ಮೊದಲು ಸಾಯುವುವು ಅನೇಕ ವೇಳೆ ಹದ್ದುಗಳೇ. ಕಾಡುಮೃಗದಿಂದ ದನವು ಸತ್ತರೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರವನ್ನು ಕೇಳುವುದೇ ಸರಿಯಾದ ಮಾರ್ಗ.

6. ಹದ್ದುಗಳು ಗೂಡುಕಟ್ಟುವ ಎತ್ತರವಾದ ಮರಗಳನ್ನು ಕಡಿಸಕೂಡದು. ಗೂಡುಗಳಿರುವ ಬಂಡೆಗಳ ಬಳಿ ಕಲ್ಲು ಸಿಡಿಸುವುದಕ್ಕೆ ಅವಕಾಶಕೊಡಕೂಡದು. ವರ್ಷಕ್ಕೆ ಒಂದೇ ಮರಿಯಾದುದರಿಂದ ಒಂದು ಗೂಡು ಕೆಟ್ಟರೆ ಆ ಜೋಡಿಯ ಒಂದು ವರ್ಷವೇ ವ್ಯರ್ಥವಾಗುವುದು.

ಸರ್ಕಾರದ ನಿಷೇಧವು ಬಂದ ಎರಡು ವರ್ಷಗಳಲ್ಲಿಯೇ, ಪರೀಕ್ಷಿಸಿದ ಕಳೇಬರಗಳಲ್ಲಿ ಡೈಕ್ಲೋಫಿನಾಕ್ ಇರುವವುಗಳ ಪ್ರಮಾಣವು ನೂರಕ್ಕೆ ಸುಮಾರು 11ರಿಂದ 6.5ಕ್ಕೆ ಇಳಿಯಿತು. ಆದರೆ ಮೇಲೆ ಕಂಡ ಲೆಕ್ಕದ ಪ್ರಕಾರ ನೂರಕ್ಕೆ ಒಂದು ಉಳಿದರೂ ಅಪಾಯವು ತಪ್ಪಿದಂತಲ್ಲ. ಆ ಕೊನೆಯ ಒಂದನ್ನು ಇಲ್ಲವಾಗಿಸುವುದು ಕಾನೂನಿನಿಂದ ಮಾತ್ರ ಸಾಧ್ಯವಾಗತಕ್ಕದ್ದಲ್ಲ. ಕೊಟ್ಟಿಗೆಯಲ್ಲಿ ನಿಂತು ಯಾವ ಔಷಧಿಯನ್ನು ಕೊಡಿಸಬೇಕೆಂದು ತೀರ್ಮಾನಿಸುವ ಯಜಮಾನನಿಂದ ಸಾಧ್ಯ. ಔಷಧಿಯ ಸೀಸೆಯ ಮೇಲಿನ ಹೆಸರನ್ನು ಒಮ್ಮೆ ಓದಿ ನೋಡುವುದಕ್ಕೆ ಹೆಚ್ಚು ಹೊತ್ತೇನೂ ಹಿಡಿಯದು. ಅಷ್ಟನ್ನು ತಪ್ಪದೆ ಮಾಡಿದರೆ ಊರಾಚೆಯ ಬಯಲಿನ ಮೇಲೆ ಹದ್ದುಗಳು ಮತ್ತೆ ಸುತ್ತುವುದನ್ನು ಈಗಿನ ಮಕ್ಕಳಾದರೂ ನೋಡಿಯಾರು.